ಸೊಂಟದ ಅಳತೆ

ಬೆಳಗ್ಗಿನಿಂದ ಎರಡನೆಯ ಸಲ ಅತ್ತೆಯ ಸೀರೆ ಒದ್ದೆಯಾದಾಗ ವಾಗ್ದೇವಿಗೆ ಸಿಟ್ಟು ಬರಲಿಲ್ಲ. ಬರಬೇಕಾಗಿತ್ತು. ಬಾಗಿಲಿಗೆ ಒರಗಿ, ಮಂಚದ ಕೆಳಗಿನ ಸಿಮೆಂಟು ನೆಲದಲ್ಲಿ ದಾರಿ ಹುಡುಕಿಕೊಂಡು ಗೋಡೆಯ ಕಡೆಗೆ ಹರಿಯುತ್ತಿದ್ದ ನೀರನ್ನು ನೋಡುತ್ತ ಅವಳು ತನ್ನೊಳಗೆ ಸಿಟ್ಟಿಗಾಗಿ ಹುಡುಕಿದಳು. ನಿನ್ನೆಯವರೆಗೂ ಅದು ಕೈಗೆ ಸಿಗುವ ಹಾಗೆ ಅಲ್ಲೇ ಇತ್ತು. ಈಗ ಅದಿದ್ದ ಜಾಗದಲ್ಲಿ ಇನ್ನೇನೋ ಕೂತಿತ್ತು, ತಣ್ಣಗಿನ, ಅವಸರವಿಲ್ಲದ ಏನೋ ಒಂದು. ಸೀರೆ ಬಿಡಿಸುವುದೇ ದೊಡ್ಡ ಕೆಲಸ. ಒಂದು ಬದಿಗೆ ಮಗುಚಿ, ಸೊಂಟದ ಅಡಿಯಿಂದ ಒದ್ದೆ ಬಟ್ಟೆಯನ್ನು ಎಳೆದು, ಇನ್ನೊಂದು ಬದಿಗೆ ಮಗುಚಿ, ಮತ್ತೆ ಎಳೆದು, ಆಮೇಲೆ ಒಣಗಿದ್ದನ್ನು ಅದೇ ಹಾದಿಯಲ್ಲಿ ಸುತ್ತಿ ತರಬೇಕು. ಅತ್ತೆ ಸುಬ್ಬಮ್ಮನದು ದೊಡ್ಡ ಮೈ. ದೀಪಾವಳಿ ಕಳೆದ ವಾರ ಬಚ್ಚಲಲ್ಲಿ ಬಿದ್ದಾಗ ಬಲಗೈ, ಬಲಗಾಲು, ನಾಲಿಗೆ ಒಟ್ಟಿಗೆ ಹೋಗಿದ್ದವು. ಮೈಯ ಭಾರ ಉಳಿದಿತ್ತು, ಕಣ್ಣು ಉಳಿದಿತ್ತು, ಎಡಗೈ ಉಳಿದಿತ್ತು. ಎಳೆಯ ಪ್ರಾಯದಲ್ಲಿ ಗಂಡನನ್ನು ಕಳಕೊಂಡಾಗಿನಿಂದ ತಲೆ ಬೋಳಿಸಿಕೊಂಡು ಕೆಂಪು ಸೀರೆಯೊಂದನ್ನೇ ಸುತ್ತಿಕೊಂಡು ಬದುಕಿದ ಹೆಂಗಸು. ರವಿಕೆ ತೊಟ್ಟವರಲ್ಲ, ಹೊಲಿದ ಬಟ್ಟೆ ಮಡಿಗೆ ಸಲ್ಲುವುದಿಲ್ಲವೆಂದು. ಸೂಜಿ ದಾಟಿದ ಬಟ್ಟೆ ಯಾವುದೂ ಅಷ್ಟು ವರ್ಷ ಈ ಮೈಯನ್ನು ಮುಟ್ಟಿರಲಿಲ್ಲ. ಈಗ ತಲೆಯ ಮೇಲೆ ಬಿಳಿ ಕೂದಲು ಮುಳ್ಳು ಮುಳ್ಳಾಗಿ ಬೆಳೆದು ಯಾರೋ ಬೇರೆ ಮುದುಕಿಯ ಹಾಗೆ ಕಾಣುತ್ತಿದ್ದರು. ಕ್ಷೌರದವನನ್ನು ಕರೆಸುವ ಎಂದು ಗಂಡ ಶಿವಸುಬ್ರಹ್ಮಣ್ಯ ಒಮ್ಮೆ ಹೇಳಿದ್ದ, ಆಮೇಲೆ ಮರೆತ. ಅವನು ಹೈಸ್ಕೂಲಿನಲ್ಲಿ ಮಾಸ್ಟ್ರು, ಪರೀಕ್ಷೆ ಹತ್ತಿರ ಬಂದಿತ್ತು, ಮರೆಯುವುದಕ್ಕೆ ಅವನಿಗೆ ಕಾರಣಗಳಿದ್ದವು.

ಲಂಗದ ಮಾತು ತೆಗೆದವಳು ಆಚೆ ಮನೆಯ ಕಾಂತಿ. ಗಂಡ ಬಹರೈನಿನಲ್ಲಿ, ಇವಳು ಸಣ್ಣ ಮಗಳೊಂದಿಗೆ ಬಂಟ್ವಾಳ ಪೇಟೆಯ ಈ ಓಣಿಯಲ್ಲಿ ಬಾಡಿಗೆಗೆ. ಬಾವಿಕಟ್ಟೆಯಲ್ಲಿ ಸಾಲಾಗಿ ಒಣಗಲು ಹಾಕಿದ ಕೆಂಪು ಸೀರೆಗಳನ್ನು ದಿನವೂ ನೋಡಿ ನೋಡಿ ಅವಳಿಗೇ ಸಾಕಾಗಿರಬೇಕು. ತುಳು ಮನೆಮಾತಿನವಳು, ವಾಗ್ದೇವಿಯ ಹತ್ತಿರ ಮಾತ್ರ ನಿಧಾನಕ್ಕೆ, ಪುಸ್ತಕ ಓದಿದ ಹಾಗೆ ಕನ್ನಡ ಮಾತಾಡುತ್ತಿದ್ದಳು. "ಇನ್ನು ಸೀರೆ ಯಾಕೆ ಅಕ್ಕ? ಮಕ್ಕಳಿಗೆ ಹೊಲಿಯುವ ಹಾಗೆ ಇಲಾಸ್ಟಿಕ್ ಹಾಕಿ ಒಂದು ಲಂಗ ಹೊಲೀರಿ. ಕೆಳಗೆ ಎಳೆದರೆ ಆಯ್ತು, ಮೇಲೆ ಎಳೆದರೆ ಆಯ್ತು." ಮಗಳ ಲಂಗವನ್ನೇ ತಂದು, ಮೇಲಿನ ಮಡಿಕೆಯನ್ನು ಹಿಂದೆ ಮುಂದೆ ಮಾಡಿ ತೋರಿಸಿದ್ದಳು. ಅದು ಕಾಂತಿಯ ಬೆರಳುಗಳ ನಡುವೆ ಮುದುಡಿ ಒಂದು ಹಿಡಿಯಷ್ಟಾಗಿ, ಬಿಟ್ಟ ಕೂಡಲೇ ಅರಳಿತು. ವಾಗ್ದೇವಿ ನಕ್ಕಳು, ಆಗುವ ಮಾತಲ್ಲ ಎಂದಳು. ಆದರೆ ಮರುದಿನ ಗಂಡ ಪಾಣೆಮಂಗಳೂರಿಗೆ ಹೋಗುವವನಿದ್ದಾಗ, ಬರುವಾಗ ಅಬ್ದುಲ್ ಶುಕೂರ್ ಅವರ ಅಂಗಡಿಯಿಂದ ಸ್ವಲ್ಪ ಇಲಾಸ್ಟಿಕ್ ತನ್ನಿ ಎಂದು ಹೇಳಿದಳು. ಅವನು ತಂದದ್ದು ಮಕ್ಕಳ ಚಡ್ಡಿಗೆ ಹಾಕುವ ಸಪೂರದ್ದು. ಅಗಲದ್ದು ಮುಗಿದಿತ್ತು, ಬುಧವಾರ ಬರುತ್ತದಂತೆ ಎಂದ. ದೊಡ್ಡವರಿಗೆ ಅಗಲದ್ದೇ ಒಳ್ಳೆಯದು, ಇದು ಕೊರೀತದೆ, ಬುಧವಾರದವರೆಗೆ ನಿಲ್ಲುವ ಎಂದು ಕಾಂತಿಯೂ ಹೇಳಿದಳು. ನಿಲ್ಲಬಹುದಿತ್ತು. ಆದರೆ ಇವತ್ತು ಬೆಳಗ್ಗೆ ಗಂಡ ಅಂಗಿ ಹಾಕಿಕೊಳ್ಳುತ್ತ, ಗೋಡೆಗೆ ಹೇಳುವವನ ಹಾಗೆ, ಮನೋರಮಕ್ಕ ಸಂಜೆ ಬರುತ್ತಾಳಂತೆ, ಜೊತೆಗೆ ಅವಳ ನಾದಿನಿಯೂ ಇರುತ್ತಾಳಂತೆ, ಕೋಣೆ ಸ್ವಲ್ಪ ವಾಸನೆ ಬರುತ್ತದೆ ಎಂದು ಹೇಳಿ ಹೊರಟುಹೋಗಿದ್ದ. ಮನೋರಮಾ ಅವನ ಅಕ್ಕ, ಬೆಳ್ತಂಗಡಿಗೆ ಕೊಟ್ಟದ್ದು. ಅವಳು ಬಂದಾಗ ಮೊದಲು ಮೂಗಿಗೆ ಸೆರಗು ಹಿಡಿಯುತ್ತಾಳೆ, ಆಮೇಲೆ ಅಮ್ಮಾ ಎಂದು ಕರೆಯುತ್ತಾಳೆ.

ಹೊಲಿಗೆ ಮಿಷನು ಹಿಂದಿನ ಜಗಲಿಯಲ್ಲಿತ್ತು. ಅದರ ಮೇಲಿನ ಉಪ್ಪಿನಕಾಯಿ ಭರಣಿಗಳನ್ನು ಒಂದೊಂದಾಗಿ ಇಳಿಸಿ, ಗೋಣಿ ತೆಗೆದು, ಕಬ್ಬಿಣದ ಕಾಲುಗಳನ್ನು ನೆಲದ ಮೇಲೆ ಎಳೆದುಕೊಂಡು ಅವಳು ಅತ್ತೆಯ ಕೋಣೆಗೇ ತಂದಳು. ಬೆಳಕು ಅಲ್ಲಿ ಚೆನ್ನಾಗಿದೆ, ಮಲಗಿದವರ ಮೇಲೆ ಕಣ್ಣೂ ಇರುತ್ತದೆ, ಹಾಗೆಂದುಕೊಂಡಳು. ಆ ಕಬ್ಬಿಣದ ಸದ್ದಿಗೆ ಸುಬ್ಬಮ್ಮ ಕತ್ತು ಹೊರಳಿಸಿದರು. ಮದುವೆಯಲ್ಲಿ ಅಪ್ಪ ಮೂಡಬಿದಿರೆಯಿಂದ ಬಾಡಿಗೆ ಕಾರಿನಲ್ಲಿ ಹಾಕಿ ತಂದ ಮಿಷನು ಅದು, ಊರಲ್ಲಿ ಅವಳು ಕಲಿತದ್ದು ಅದೊಂದೇ ವಿದ್ಯೆ. ಕಾರಿನಿಂದ ಇಳಿಸುವಾಗಲೇ ಅತ್ತೆ ಹೊರಗೆ ಬಂದು, ಮದುವೆಗೆ ಬಂದವರೆಲ್ಲ ನಿಂತಿರುವಂತೆ, ಇದೇನು ದರ್ಜಿ ಅಂಗಡಿ ಇಡ್ಲಿಕ್ಕುಂಟಾ ಎಂದು ಕೇಳಿದ್ದರು. ಅಪ್ಪ ಕೈ ಮುಗಿದುಕೊಂಡು ನಕ್ಕಿದ್ದ. ಅಪ್ಪ ಹಾಗೆ ನಕ್ಕದ್ದನ್ನು ಅವಳು ಅದಕ್ಕೂ ಮೊದಲು ನೋಡಿರಲಿಲ್ಲ. ಮಿಷನು ಒಳಗೆ ಬರಲಿಲ್ಲ. ಎಪ್ಪತ್ತನಾಲ್ಕರ ನೆರೆಯಲ್ಲಿ ನೇತ್ರಾವತಿ ಓಣಿಗೆ ನುಗ್ಗಿದಾಗ ಮನೆಯವರೆಲ್ಲ ಸೇರಿ ಅಕ್ಕಿಮುಡಿ, ಹಾಸಿಗೆ, ದೇವರ ಪೆಟ್ಟಿಗೆ, ಭರಣಿಗಳನ್ನು ಸಹ ಅಟ್ಟಕ್ಕೆ ಏರಿಸಿದ್ದರು. ಮಿಷನು ಎಂದು ಅವಳು ಹೇಳಿದಾಗ ಶಿವಸುಬ್ರಹ್ಮಣ್ಯ, ಅದು ಕಬ್ಬಿಣ, ಅದಕ್ಕೇನಾಗ್ತದೆ ಎಂದ. ನೀರು ಇಳಿದ ಮೇಲೆ ಅವಳು ಚಕ್ರದ ಸಂದಿಯಿಂದ ಕೆಸರನ್ನು ಪೊರಕೆಯ ಹಿಡಿಕಡ್ಡಿಯಲ್ಲಿ ಕೆರೆದು ತೆಗೆದಿದ್ದಳು. ಈಗ ಎಣ್ಣೆ ಬಿಟ್ಟು, ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ, ಮೊದಲು ಹಟ ಹಿಡಿದು ಆಮೇಲೆ ಒಮ್ಮೆಲೇ ಸಡಿಲಾಗಿ ತಿರುಗಿತು. ಅಷ್ಟಕ್ಕೇ ಅವಳ ಕಣ್ಣಲ್ಲಿ ನೀರು ಬಂತು, ಅದು ಯಾತಕ್ಕೆಂದು ಅವಳಿಗೆ ತಿಳಿಯಲಿಲ್ಲ.

ಅಳತೆ ತೆಗೆಯಲು ಅವಳು ಟೇಪನ್ನು ಅತ್ತೆಯ ಸೊಂಟದ ಅಡಿಯಿಂದ ತೂರಿಸಿದಳು. ಮೈ ತೊಳೆಯುವಾಗ, ಬಟ್ಟೆ ಬದಲಿಸುವಾಗ ಮುಟ್ಟುವುದು ಬೇರೆ. ಆಗ ಕೈ ತನ್ನ ಪಾಡಿಗೆ ಕೆಲಸ ಮಾಡುತ್ತದೆ, ಮುಖ ಬೇರೆ ಕಡೆ ಇರುತ್ತದೆ. ಈಗ ನೋಡಬೇಕಾಯಿತು. ಹೊಟ್ಟೆಯ ಮೇಲಿನ ಚರ್ಮ ಹಳೆಯ ಕಾಗದದ ಹಾಗೆ ತೆಳು, ಅದರ ಕೆಳಗೆ ಏನೋ ಭಾರವಾದದ್ದು ಒಂದು ಬದಿಗೆ ಜಾರಿ ನಿಂತಿತ್ತು. ಈ ಹೆಂಗಸು ಮಡಿಯಲ್ಲಿರುವಾಗ ಅಡುಗೆಮನೆಯ ಹೊಸ್ತಿಲ ಹೊರಗೆ ತಾನು ತಟ್ಟೆ ಇಟ್ಟುಕೊಂಡು ನಿಂತ ದಿನಗಳು, ತನ್ನ ಸೆರಗಿನ ತುದಿ ತಾಗಿತೆಂದು ಅವರು ಮತ್ತೊಮ್ಮೆ ಸ್ನಾನಕ್ಕೆ ಹೋಗಿ, ಚಳಿಜ್ವರ ಬಂದು, ಅದನ್ನು ಊರಿಗೆಲ್ಲ ಹೇಳಿದ್ದು ನೆನಪಿಗೆ ಬಂದವು. ಟೇಪಿನ ಎರಡು ತುದಿಗಳನ್ನು ಹೊಕ್ಕುಳ ಮೇಲೆ ಕೂಡಿಸುತ್ತಿದ್ದಂತೆ ಸುಬ್ಬಮ್ಮನ ಎಡಗೈ ಬಂದು ಟೇಪನ್ನು ಹಿಡಿಯಿತು. ಬಾಯಿಯಿಂದ ಬ ಬ ಎಂದು ಸದ್ದು ಹೊರಟಿತು. ಈಗ ಅವರಲ್ಲಿ ಉಳಿದಿದ್ದ ಅಕ್ಷರ ಅದೊಂದೇ, ಅದರಲ್ಲೇ ನೀರು, ಬೇಡ, ಯಾರು, ಬಾ ಎಲ್ಲವೂ. "ಬಿಡಿ ಅತ್ತೆ," ಎಂದಳು ವಾಗ್ದೇವಿ. ಕೈ ಬಿಡಲಿಲ್ಲ. ಅವಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಕಿರುಬೆರಳಿನಿಂದ ಸುರು ಮಾಡಿ, ಸಿಟ್ಟಿಲ್ಲದೆ. ಟೇಪಿನ ಅಂಕೆಯನ್ನು ನೋಡಿದಳು. ತನ್ನ ಸೊಂಟದ ಒಂದೂವರೆಯಷ್ಟು ಎಂದು ಮನಸ್ಸು ತಾನಾಗಿಯೇ ಲೆಕ್ಕ ಹೇಳಿತು.

ಬಟ್ಟೆಗೆ ಹಳೆಯ ಕೆಂಪು ಸೀರೆಯೊಂದನ್ನು ಹರಿಯಬಹುದಿತ್ತು. ಪೆಟ್ಟಿಗೆ ತೆರೆದು ಅದನ್ನೇ ಕೈಗೆ ತೆಗೆದುಕೊಂಡದ್ದೂ ಹೌದು. ಒರಟು, ಬಿಸಿಲಿಗೆ ಚುಚ್ಚುತ್ತದೆ ಎಂದು ಅದನ್ನು ಕೆಳಗಿಟ್ಟಳು. ಅದರಡಿಯಲ್ಲಿ ಕಿಟಕಿಗೆ ಪರದೆ ಹೊಲಿಯಬೇಕೆಂದು ಎಂದೋ ತಂದು, ಹೊಲಿಯದೆ ಉಳಿದ ಚೀಟಿ ಬಟ್ಟೆಯಿತ್ತು. ನೀಲಿಯ ಮೇಲೆ ದೊಡ್ಡ ದೊಡ್ಡ ಹಳದಿ ಹೂವು. ಮುಟ್ಟಿದರೆ ಮೆತ್ತಗೆ. ಮೆತ್ತಗಿದೆ ಎಂಬ ಕಾರಣವನ್ನು ಅವಳು ಗಟ್ಟಿಯಾಗಿ, ಕೋಣೆಗೆ ಕೇಳುವಂತೆ ಹೇಳಿದಳು. ನೆಲದ ಮೇಲೆ ಹರಡಿ ಅಳೆದು ಕತ್ತರಿಸುವಾಗ ಸುಬ್ಬಮ್ಮನ ಕಣ್ಣು ಹೂವುಗಳ ಮೇಲೆ ನಿಂತದ್ದು ಅವಳಿಗೆ ಬೆನ್ನಿನಲ್ಲೇ ಗೊತ್ತಾಯಿತು. ತಿರುಗಿ ನೋಡಲಿಲ್ಲ. ಎರಡು ಬದಿ ಕೂಡಿಸಿ ಹೊಲಿಗೆ ಹಾಕಿದಳು. ಕೆಳಗಿನ ಅಂಚನ್ನು ಸಣ್ಣಗೆ ಮಡಚಿದಳು. ಎಷ್ಟು ವರ್ಷಗಳ ಮೇಲೆ ಪಾದ ಮಿಷನಿನ ಹಲಗೆಯ ಮೇಲೆ ತೂಗುತ್ತಿತ್ತು, ಸೂಜಿ ಏರಿ ಇಳಿಯುತ್ತಿತ್ತು, ಬಟ್ಟೆ ತನ್ನಿಂದ ತಾನೇ ಮುಂದೆ ಸಾಗುತ್ತಿತ್ತು. ಸುಖವೆನಿಸಿತು. ಹೊರಗೆ ಬಿಸಿಲು ಬಿಳಿಯಾಗಿತ್ತು, ಬಸ್ಸೊಂದು ಹಾರನ್ ಹೊಡೆಯುತ್ತ ಪೇಟೆಯ ತಿರುವು ದಾಟಿತು. ಈ ಸುಖ ಅತ್ತೆಯ ಎದುರಿಗೇ, ಅತ್ತೆಯ ಕೋಣೆಯೊಳಗೇ ನಡೆಯುತ್ತಿದೆ ಎಂಬುದು ಅದರ ಒಂದು ಭಾಗ ಎಂದು ಹೊಳೆದಾಗ ಪಾದ ಒಂದು ಗಳಿಗೆ ನಿಂತು, ಮತ್ತೆ ತೂಗಿತು.

ಮದುವೆಯಾದ ಹೊಸತರಲ್ಲಿ ಅವಳು ಒಂದು ರವಿಕೆ ಹೊಲಿದುಕೊಂಡಿದ್ದಳು, ಅತ್ತೆ ಇಲ್ಲದ ಹೊತ್ತು ನೋಡಿ, ಹಿಂದಿನ ಜಗಲಿಯಲ್ಲೇ ಕೂತು. ಬೆನ್ನು ಸ್ವಲ್ಪ ಇಳಿದಿತ್ತು, ಅಷ್ಟೆ, ಎರಡು ಬೆರಳು ಇರಬಹುದು. ಅದನ್ನು ತೊಟ್ಟ ದಿನ ಮನೋರಮಾ ಬಂದಿದ್ದಳು, ಮಲ್ಲಿಗೆ ಕಟ್ಟುತ್ತ ಕೂತಿದ್ದಳು. ಬಿಚ್ಚು ಎಂದರು ಅತ್ತೆ. ಅವಳಿಗೆ ಅರ್ಥವಾಗಲಿಲ್ಲ. ಹೊಲಿದ ಕೈಯಲ್ಲೇ ಬಿಚ್ಚು, ಇಲ್ಲೇ, ನನ್ನ ಎದುರಿಗೆ ಎಂದರು. ಒಳಗೆ ಹೋಗಿ ಬೇರೆ ತೊಟ್ಟು ಬರುತ್ತೇನೆಂದರೆ ಬಿಡಲಿಲ್ಲ. ಸೆರಗನ್ನು ಹೆಗಲ ಸುತ್ತ ಬಿಗಿದುಕೊಂಡು, ಮೊಣಕೈಗಳನ್ನು ಮೈಗೆ ಒತ್ತಿಕೊಂಡು, ಮೈಯಿಂದ ಕಳಚಿದ ರವಿಕೆಯ ಒಂದೊಂದೇ ಹೊಲಿಗೆಯನ್ನು ಬ್ಲೇಡಿನಲ್ಲಿ ಕಿತ್ತಳು. ನೂಲಿನ ತುಂಡುಗಳು ಮಡಿಲಲ್ಲಿ ಬಿದ್ದವು. ಮನೋರಮಾ ತಲೆ ಎತ್ತಲಿಲ್ಲ. ಮಲ್ಲಿಗೆ ಕಟ್ಟುವ ಬೆರಳು ಮಾತ್ರ ಬೇಗ ಬೇಗ ಆಡುತ್ತಿತ್ತು. ಚಾವಡಿಯಲ್ಲಿ ಶಿವಸುಬ್ರಹ್ಮಣ್ಯ ಪೇಪರು ಓದುತ್ತಿದ್ದ. ಪುಟ ತಿರುಗಿಸಿದ ಸದ್ದು ಅವಳಿಗೆ ಇವತ್ತಿಗೂ ಕೇಳಿಸುತ್ತದೆ. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಅವಳಿಗೆ ಅದು ಒಂದು ಜಗಳವಾಗಿ ನೆನಪಿರುತ್ತಿತ್ತು. ಈಗ ಅದು ಅವಳಲ್ಲಿ ಒಂದು ಅಂಗದ ಹಾಗೆ ಇದೆ.

ಸೊಂಟದ ಕಡೆಯನ್ನು ಮಡಚಿ, ಇಲಾಸ್ಟಿಕ್ ತೂರಿಸಲು ಸ್ವಲ್ಪ ಜಾಗ ಬಿಟ್ಟು ಸುತ್ತ ಹೊಲಿದಳು. ಇನ್ನು ಇಲಾಸ್ಟಿಕ್ ಕತ್ತರಿಸಬೇಕು. ಅದಕ್ಕೆ ಕಾಂತಿ ಹೇಳಿದ ಕ್ರಮ ಸ್ಪಷ್ಟವಾಗಿತ್ತು: ತೊಡುವವರ ಸೊಂಟಕ್ಕೇ ಸುತ್ತಿ ನೋಡಿ ಅಕ್ಕ, ಬೆರಳು ಒಳಗೆ ಹೋಗ್ಬೇಕು, ಹಾಗೆ ಇಟ್ಟು ಕತ್ತರಿಸಿ. ಮಂಚ ಕೈಚಾಚಿದರೆ ಸಿಗುವಷ್ಟು ಹತ್ತಿರ. ವಾಗ್ದೇವಿ ಏಳಲಿಲ್ಲ. ಕೂತಲ್ಲಿಂದಲೇ ಇಲಾಸ್ಟಿಕ್ಕನ್ನು ತನ್ನ ಸೊಂಟಕ್ಕೆ ಸುತ್ತಿದಳು. ತುಸು ಎಳೆದಳು. ಸಡಿಲ ಆದರೆ ಜಾರ್ತದೆ, ಮನೋರಮಕ್ಕನ ನಾದಿನಿಯ ಎದುರಿಗೆ ಜಾರಿದರೆ ಮಾನ ಹೋಗ್ತದೆ ಎಂದು ಒಳಗೆ ಯಾರೋ ಸಮಾಧಾನದ ದನಿಯಲ್ಲಿ ಹೇಳುತ್ತಿದ್ದರು. ಟೇಪಿನಲ್ಲಿ ಕಂಡ ಅಂಕೆ ತಲೆಯಲ್ಲಿ ಇತ್ತು, ಬೇಕಾದರೆ ಈಗಲೂ ಕೈಗೆ ಸಿಗುತ್ತಿತ್ತು. ಅವಳು ಅದರ ಪಕ್ಕದಿಂದ, ಮಲಗಿದ ನಾಯಿಯನ್ನು ದಾಟುವವರ ಹಾಗೆ, ಸದ್ದು ಮಾಡದೆ ದಾಟಿಹೋದಳು. ಕತ್ತರಿಸಿದಳು. ಸೇಫ್ಟಿ ಪಿನ್ನು ಚುಚ್ಚಿ, ಮಡಿಕೆಯೊಳಗೆ ತೂರಿಸಿ, ಇಷ್ಟಿಷ್ಟೇ ಮುಂದಕ್ಕೆ ದಬ್ಬುತ್ತ, ಇನ್ನೊಂದು ತುದಿಯಿಂದ ಹೊರಗೆಳೆದು, ಎರಡೂ ತುದಿ ಕೂಡಿಸಿ ಗಟ್ಟಿ ಹೊಲಿದಳು. ಲಂಗ ಮುದುಡಿ ನೆರಿಗೆ ನೆರಿಗೆಯಾಗಿ ಕೈಯಲ್ಲಿ ನಿಂತಿತು. ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಅವಳಿಗೆ ಅದನ್ನು ಅಪ್ಪನಿಗೆ ತೋರಿಸಬೇಕೆನಿಸಿತು. ಅಪ್ಪ ಸತ್ತು ವರ್ಷಗಳಾಗಿದ್ದವು.

ತೊಡಿಸುವಾಗ ತೊಡೆಯವರೆಗೆ ಸಲೀಸಾಗಿ ಬಂತು. ಆಮೇಲೆ ಎಳೆಯಬೇಕಾಯಿತು. ಸುಬ್ಬಮ್ಮನ ಬಾಯಿಯ ಸದ್ದು ಬೇರೆಯಾಯಿತು, ಗಂಟಲ ಕೆಳಗಿನಿಂದ ಬಂತು. ಹೊಸತಲ್ಲವಾ ಅತ್ತೆ, ಉಟ್ಟು ಉಟ್ಟು ಸಡಿಲ ಆಗ್ತದೆ ಎಂದಳು. ಮಧ್ಯಾಹ್ನ ಊಟಕ್ಕೆ ಬಂದ ಶಿವಸುಬ್ರಹ್ಮಣ್ಯ ಬಾಗಿಲಲ್ಲಿ ನಿಂತು ಅಮ್ಮನನ್ನು ನೋಡಿದ. ನೀಲಿಯ ಮೇಲೆ ಹಳದಿ ಹೂವು. ಅವನ ಬಾಯಿ ಸ್ವಲ್ಪ ತೆರೆಯಿತು. ಹೂವಿನದ್ದಾ ಎಂದ. ಅವಳು ಬಟ್ಟೆ ಮೆತ್ತಗಿದೆ ಎಂದಳು. ಅವನು ಇನ್ನೂ ಏನಾದರೂ ಹೇಳಬಹುದೆಂದು ಕಾದಳು. ಹೇಳಿದ್ದರೆ, ಛೆ ಇದು ಬೇಡ, ತೆಗೆ ಎಂದಿದ್ದರೆ, ಆ ಗಳಿಗೆಯಲ್ಲೇ ತೆಗೆದುಬಿಡುತ್ತಿದ್ದಳು. ಆಮೇಲೆ ಎಷ್ಟೋ ಸಲ ಈ ಗಳಿಗೆಗೆ ಹಿಂತಿರುಗಿ ಬಂದು ಅವಳು ಅವನನ್ನು ಹಾಗೆ ಹೇಳಿಸಿದ್ದುಂಟು. "ಇರಲಿ. ವಾಸನೆ ಕಡಿಮೆ ಆಗಿದೆ," ಎಂದು ಅವನು ಕೈ ತೊಳೆಯಲು ಹೋದ.

ಸಂಜೆಯವರೆಗೆ ಎಡಗೈ ಸುಮ್ಮನಿರಲಿಲ್ಲ. ಸೊಂಟದ ಅಂಚಿಗೆ ಬೆರಳು ತೂರಿಸಿ ಎಳೆಯುವುದು, ಸೋತು ಬಿಡುವುದು, ಮತ್ತೆ ಎಳೆಯುವುದು. ವಾಗ್ದೇವಿ ಅದನ್ನು ಮಡಿಯ ಹಟವೆಂದು ತಿಳಿದಳು. ಹಾಗೆ ತಿಳಿಯಲು ಅವಳಿಗೆ ಸುಲಭವಾಯಿತು. ಹೊಲಿದ ಬಟ್ಟೆ, ಅದರ ಮೇಲೆ ಹೂವು, ಅದರೊಳಗೆ ರಬ್ಬರು. ಸಹಿಸುವುದಿಲ್ಲ ಈ ಜೀವ. ಸಹಿಸಲಿ. ಒಂದು ಸಲ ಬಂದು ನೋಡಿದಾಗ ಲಂಗದ ಒಂದು ಬದಿ ಕೆಳಗೆ ಜಾರಿ, ಬೋಳು ಸೊಂಟ ಕಾಣುತ್ತಿತ್ತು, ಹೊದಿಕೆ ನೆಲದಲ್ಲಿತ್ತು. ಸರಿ ಮಾಡಿ ಹೋದಳು. ಮತ್ತೆ ಬಂದಾಗ ಅದೇ. ಬಸ್ಸಿನ ಹೊತ್ತಾಗಿತ್ತು. ಮನೋರಮಾ ಬಾಗಿಲಲ್ಲಿ ನಿಂತು ಮೂಗಿಗೆ ಸೆರಗು ಹಿಡಿದು ಇದನ್ನು ನೋಡುವ ಚಿತ್ರ ಕಣ್ಣಿಗೆ ಕಟ್ಟಿತು, ಅವಳ ನಾದಿನಿ ಅತ್ತ ಮುಖ ತಿರುಗಿಸುವುದು, ಆಮೇಲೆ ಬೆಳ್ತಂಗಡಿಯಲ್ಲಿ ಮನೆ ಮನೆ ಮಾತು. ಮಿಷನಿನ ಅಡಿಯಲ್ಲಿ ಬಿದ್ದಿದ್ದ ಹೂವಿನ ಬಟ್ಟೆಯ ಉದ್ದ ಚೂರೊಂದನ್ನು ಎತ್ತಿಕೊಂಡು, ಅತ್ತೆಯ ಎಡಗೈಯನ್ನು ಮಣಿಗಂಟಿನ ಹತ್ತಿರ ಮಂಚದ ಕೋಲಿಗೆ ಕಟ್ಟಿದಳು. ನೋಯಬಾರದೆಂದು ಸಡಿಲವಾಗಿಯೇ ಕಟ್ಟಿದಳು, ಅಷ್ಟು ಎಚ್ಚರ ಅವಳಿಗಿತ್ತು. ಅದರ ಮೇಲೆ ಹೊದಿಕೆ ಎಳೆದಳು. ಸುಬ್ಬಮ್ಮ ಅವಳನ್ನು ನೋಡಿದರು. ಈ ಮನೆಗೆ ಬಂದಂದಿನಿಂದ ಆ ಕಣ್ಣುಗಳನ್ನು ಅವಳು ಬಲ್ಲಳು, ಅವು ಯಾವಾಗಲೂ ಅವಳ ಸ್ವಲ್ಪ ಹಿಂದಿನ ಯಾವುದನ್ನೋ ನೋಡುತ್ತಿದ್ದವು. ಈಗ ಅವು ಅವಳನ್ನೇ ನೋಡುತ್ತಿದ್ದವು.

ಮನೋರಮಾ ಬಂದಳು, ಮೂಗಿಗೆ ಸೆರಗು ಹಿಡಿಯಲಿಲ್ಲ. ಕೋಣೆ ಒರೆಸಿತ್ತು, ಊದುಬತ್ತಿ ಹಚ್ಚಿತ್ತು, ಅಮ್ಮ ಹೊದ್ದು ಅಚ್ಚುಕಟ್ಟಾಗಿ ಮಲಗಿದ್ದರು, ಹೊದಿಕೆಯ ಕೆಳಗೆ ಲಂಗದ ಅಂಚು ಇಷ್ಟೇ ಕಾಣುತ್ತಿತ್ತು. ಅದೇನೆಂದು ಕೇಳಿದಳು. ಕಂಡು ಮೊದಲು ಸ್ವಲ್ಪ ಮುಖ ಬಾಡಿದರೂ, ನಾದಿನಿ ಮುಂದೆ ಬಂದು ಅಂಚನ್ನು ಮುಟ್ಟಿ, ಎಷ್ಟು ಚಂದ ಹೊಲಿದಿದ್ದೀರಿ, ಯಾರಿಗೂ ಹೊಳೆಯದ ಉಪಾಯ, ಸೊಸೆ ಎಂದರೆ ಹೀಗಿರಬೇಕು ಎಂದಾಗ ಹೌದು ಹೌದು ಎಂದಳು. ಕಾಫಿ ಕುಡಿದರು. ನಾದಿನಿಯ ಮಗನ ಮದುವೆಯ ಮಾತು ಬಂತು. ನಡುವೆ ಸುಬ್ಬಮ್ಮ ಬ ಬ ಎನ್ನತೊಡಗಿದರು, ಜೋರಾಗಿ, ಬಿಡದೆ, ಮುಖ ಕೆಂಪಾಗುವವರೆಗೆ. ಮಗಳ ಮೇಲೆ ಆಸೆ, ಎಷ್ಟು ಸಂತೋಷ ನೋಡಿ ಎಂದು ನಾದಿನಿ ಹೇಳಿದಳು. ಮನೋರಮಾ ಕಣ್ಣೊರೆಸಿಕೊಂಡು ಅಮ್ಮನ ಬೋಳು ಹಣೆಯ ಮೇಲೆ ಕೈ ಇಟ್ಟಳು. ಆ ಕೈಯನ್ನು ಅವಳು ಸ್ವಲ್ಪ ಕೆಳಗೆ, ಹೊದಿಕೆಯ ಒಳಗೆ ಇಟ್ಟಿದ್ದರೆ. ವಾಗ್ದೇವಿ ಕಾಫಿಯ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಮೋರಿಯ ಹತ್ತಿರ ನಿಂತು, ಅವರು ಹೊರಡುವವರೆಗೂ ಆ ಲೋಟಗಳನ್ನು ತೊಳೆದಳು.

ಅವರು ಹೋದ ಕೂಡಲೇ ಕೈ ಬಿಚ್ಚಿದಳು. ಲಂಗ ಬಿಚ್ಚಲಿಲ್ಲ. ಅದೇಕೆ ಬಿಚ್ಚಲಿಲ್ಲ ಎಂದು ಕೇಳಿದರೆ ಅವಳ ಹತ್ತಿರ ಉತ್ತರವಿತ್ತು: ಒದ್ದೆಯಾಗಿರಲಿಲ್ಲ, ಮೇಲಕ್ಕೆ ಸರಿಸಿ ಅಡಿಗೆ ಮೂತ್ರದ ತಟ್ಟೆ ಇಟ್ಟು ತೆಗೆದದ್ದಾಗಿತ್ತು, ಅದರ ಉಪಯೋಗವೇ ಅದಲ್ಲವೇ. ಮರುದಿನ ಬೆಳಗ್ಗೆ ಬಿಸಿನೀರು ತಂದು ಮೈ ಒರೆಸಲು ಲಂಗವನ್ನು ಕೆಳಗೆ ಎಳೆದಾಗ ಅದು ಬರಲಿಲ್ಲ. ಬಟ್ಟೆ ಮೈಗೆ ಅಂಟಿತ್ತು. ನೀರು ಹಾಕಿ ನೆನೆಸಿ, ಕತ್ತರಿಯಲ್ಲಿ ಇಲಾಸ್ಟಿಕ್ ಕತ್ತರಿಸಿದಾಗ ಅದು ಚಟ್ಟೆಂದು ಹಾರಿ ಎರಡು ಕಡೆಗೆ ಹೋಯಿತು. ಅದು ಕೂತಿದ್ದಲ್ಲಿ ಸೊಂಟದ ಸುತ್ತ ಒಂದು ಗೆರೆ ಇತ್ತು, ಬೆನ್ನಿನ ಕಡೆಗೆ ಹೋದಂತೆ ಆಳವಾಗಿ, ಒಂದು ಕಡೆ ಚರ್ಮ ಬಿಟ್ಟು ಒಳಗಿನ ಹಸಿ ಕಾಣುತ್ತಿತ್ತು. ಅವಳು ಬಾಲ್ದಿಯ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟಳು. ಸುಬ್ಬಮ್ಮ ಸದ್ದು ಮಾಡಲಿಲ್ಲ. ಒದ್ದೆ ಬಟ್ಟೆ ಗಾಯಕ್ಕೆ ತಾಗಿದಾಗಲೂ ಮಾಡಲಿಲ್ಲ. ಅವರು ಮಾಡಬೇಕಾದ ಸದ್ದನ್ನೆಲ್ಲ ನಿನ್ನೆ ಸಂಜೆ ಮಾಡಿ ಮುಗಿಸಿದ್ದರು.

ಗಂಡನನ್ನು ಕರೆದು ತೋರಿಸಿದಳು. ಅವನು ಬಾಗಿ ನೋಡಿ, ಕೂಡಲೇ ನೆಟ್ಟಗಾದ. "ಬಿಗಿ ಆಗಿತ್ತು," ಎಂದಳು ಅವಳು. "ಬಿಗಿ ಹಾಕಿದ್ದು ನಾನು." ಅವನು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದ. ಗೊತ್ತಿಲ್ಲದೆ ಆದದ್ದು, ಹೊಸತಾಗಿ ಹೊಲಿಯುವಾಗ ಹಾಗಾಗ್ತದೆ, ಡಾಕ್ಟ್ರಿಗೆ ಹೇಳುವ ಎಂದ. ಗೊತ್ತಿತ್ತು ಎಂಬ ಮಾತು ಅವಳ ಬಾಯಿಯವರೆಗೆ ಬಂದಿತ್ತು. ಆದರೆ ಅವನು ಅಷ್ಟರಲ್ಲಿ ಕನ್ನಡಕ ಹಾಕಿಕೊಂಡು, ಅದರೊಳಗಿನಿಂದ ಅವಳನ್ನು ಎಷ್ಟು ಅಂಗಲಾಚುವಂತೆ ನೋಡಿದನೆಂದರೆ, ಮಾತು ಅಲ್ಲೇ ನಿಂತಿತು. ಅವಳಿಗೆ ಗೊತ್ತಿತ್ತು ಎಂದಾದರೆ ನಾಳೆಯಿಂದ ಈ ಬಾಲ್ದಿಯನ್ನು ಅವನು ಎತ್ತಬೇಕಾಗುತ್ತದೆ. ಸಂಜೆ ಬಂದ ಡಾಕ್ಟ್ರು ಇದು ಯಾವುದರ ಗೀರು ಎಂದು ಕೇಳಿದಾಗ, ಬಟ್ಟೆಯದ್ದು ಎಂದು ಅವನೇ ಉತ್ತರ ಕೊಟ್ಟ. ಸಕ್ಕರೆ ಕಾಯಿಲೆ ಉಂಟು, ಒಣಗಲಿಕ್ಕೆ ಹೊತ್ತು ಹಿಡೀತದೆ, ಇನ್ನು ಏನೂ ಕಟ್ಟಬೇಡಿ ಎಂದು ಮುಲಾಮು ಬರೆದುಕೊಟ್ಟು ಡಾಕ್ಟ್ರು ಹೋದರು. ಓಣಿಯವರ ಬಾಯಲ್ಲಿ ಅದು ಹಾಸಿಗೆ ಹುಣ್ಣಾಯಿತು. ಹಾಗೆಂದು ಮೊದಲು ಹೇಳಿದ್ದು ಯಾರೆಂದು ಗೊತ್ತಿಲ್ಲ. ಕಾಂತಿ ಮಾತ್ರ ಒಂದು ದಿನ ಬಾವಿಕಟ್ಟೆಯಲ್ಲಿ, ಸೊಂಟಕ್ಕೆ ಸುತ್ತಿ ನೋಡಿದ್ದೀರಲ್ಲ ಅಕ್ಕ ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೊಡ ಎತ್ತಿಕೊಂಡು ಹೋದಳು. ಮಗಳನ್ನು ಈ ಮನೆಗೆ ಆಡಲು ಕಳಿಸುವುದನ್ನು ಆಮೇಲೆ ಅವಳು ನಿಲ್ಲಿಸಿದಳು, ಅಥವಾ ಪರೀಕ್ಷೆಯ ದಿನಗಳೆಂದು ಹುಡುಗಿಯೇ ಬರಲಿಲ್ಲವೋ ಏನೋ.

ಗಾಯ ಒಣಗಲಿಲ್ಲ. ದಿನವೂ ಅದನ್ನು ತೊಳೆದು ಮುಲಾಮು ಹಚ್ಚುತ್ತ ವಾಗ್ದೇವಿ ಅತ್ತೆಯ ಮುಖವನ್ನು ನೋಡಲು ಸುರು ಮಾಡಿದಳು. ಆ ಮುಖದಲ್ಲಿ ಸಿಟ್ಟಿಗಾಗಿ ಹುಡುಕಿದಳು. ಹುಬ್ಬು ಗಂಟಿಕ್ಕಲಿ, ಎಡಗೈ ಎತ್ತಿ ಹೊಡೆಯಲಿ, ಉಗುಳಲಿ ಎಂದು ಬಾಗಿ ಕೆನ್ನೆಯನ್ನು ಹತ್ತಿರ ತಂದದ್ದೂ ಉಂಟು. ಸುಬ್ಬಮ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹೊಸ್ತಿಲಲ್ಲಿ ಅವಳ ಹೆಜ್ಜೆ ಕೇಳಿದರೆ ಅವರ ಹೊಟ್ಟೆ ಒಳಕ್ಕೆ ಸೆಳೆದುಕೊಳ್ಳುವುದು ಹೊದಿಕೆಯ ಮೇಲಿನಿಂದಲೇ ಕಾಣುತ್ತಿತ್ತು. ಈ ಹೆಂಗಸು ಒಮ್ಮೆಯಾದರೂ ತನಗೆ ಹೆದರಬೇಕೆಂದು ಅವಳು ಎಷ್ಟು ಮಧ್ಯಾಹ್ನಗಳಲ್ಲಿ, ಪಾತ್ರೆ ತಿಕ್ಕುತ್ತ, ಅಕ್ಕಿ ಆರಿಸುತ್ತ, ಮನಸ್ಸಿನಲ್ಲೇ ಕಟ್ಟಿದ ಆಸೆ ಅದು. ಈಗ ಸಿಕ್ಕಿತ್ತು. ಅದನ್ನು ಇಟ್ಟುಕೊಂಡು ಏನು ಮಾಡಬೇಕೆಂದು ತಿಳಿಯದೆ ಅವಳು ಮುಲಾಮಿನ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು ನಿಲ್ಲುತ್ತಿದ್ದಳು.

ಯುಗಾದಿ ಕಳೆದ ಮೇಲೆ ಮನೋರಮಾ ಒಬ್ಬಳೇ ಬಂದಳು. ಅಮ್ಮನಿಗೆ ಹುಣ್ಣಾಗಿದೆ ಎಂದು ತಮ್ಮ ಹೇಳಿ ಕಳಿಸಿದ್ದ. ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು, ಮಲಗಿದಲ್ಲೇ ಇದ್ದರೆ ಆಗುವುದೇ, ನೀನೆಷ್ಟು ನೋಡಿಕೊಂಡರೂ ಅಷ್ಟೇ ಎಂದು ಸಮಾಧಾನ ಹೇಳಿದಳು. ನಾದಿನಿ ಆ ಲಂಗದ ಸುದ್ದಿಯನ್ನು ಎಲ್ಲರಿಗೂ ಹೇಳಿದ್ದಾಳೆ ಎಂದಳು. ಹೊರಗೆ ತೆಂಗಿನಕಾಯಿ ಕೊಯ್ಯುವವನು ಯಾರನ್ನೋ ತುಳುವಿನಲ್ಲಿ ಕೂಗುತ್ತಿದ್ದ. ವಾಗ್ದೇವಿ ಗೋಡೆಗೆ ಒರಗಿ ನಿಂತಿದ್ದಳು. ಗೋಡೆ ಬಿಟ್ಟು ಮಂಚದ ಕಡೆಗೆ ಒಂದು ಹೆಜ್ಜೆ ಇಟ್ಟಳು.

"ಅತ್ತಿಗೆ, ಅದು ಹಾಸಿಗೆ ಹುಣ್ಣಲ್ಲ. ಲಂಗದ ಇಲಾಸ್ಟಿಕ್ ಕೊರೆದದ್ದು. 'ಬಿಗಿ ಆಗ್ತದೆ' ಅಂತ ನನಗೆ ಗೊತ್ತಿತ್ತು, ಗೊತ್ತಿದ್ದೇ ಹಾಕಿದೆ. ನೀವು ಬಂದ ದಿನ ಅವರ ಕೈಯನ್ನು ಹೊದಿಕೆಯ ಒಳಗೆ ಕಟ್ಟಿದ್ದೆ. ಅವರು ಅಷ್ಟು ಬೊಬ್ಬೆ ಹಾಕಿದ್ದು ಅದಕ್ಕೆ."

ಮನೋರಮಾ ಅಮ್ಮನ ಕಡೆ ನೋಡಲಿಲ್ಲ, ಇವಳ ಕಡೆಯೂ ನೋಡಲಿಲ್ಲ. ನೆಲದಲ್ಲಿಟ್ಟಿದ್ದ ಕೈಚೀಲವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಅದರ ಹಿಡಿಯನ್ನು ಎರಡೂ ಕೈಗಳಲ್ಲಿ ಹಿಡಿದಳು. ಈಗ ಬೈಯುತ್ತಾಳೆ, ಈಗ ಎದ್ದು ಬಂದು ಕೆನ್ನೆಗೆ ಹೊಡೆಯುತ್ತಾಳೆ ಎಂದು ವಾಗ್ದೇವಿ ಕಾದಳು, ಬಾಯಾರಿದವರ ಹಾಗೆ ಕಾದಳು.

"ನೋಡು ವಾಗ್ದೇವಿ," ಎಂದಳು ಮನೋರಮಾ, ದನಿ ತಗ್ಗಿಸಿ. "ನನಗೆ ಅಮ್ಮನನ್ನು ಕರ್ಕೊಂಡು ಹೋಗ್ಲಿಕ್ಕೆ ಆಗುವುದಿಲ್ಲ. ನಮ್ಮಲ್ಲಿ ಈಗ ಬಾವಿಯ ನೀರು ಸಹ ತಳ ಕಂಡಿದೆ. ನಮ್ಮ ಯಜಮಾನರಿಗೂ ಅದೆಲ್ಲ ಆಗುವುದಿಲ್ಲ. ನೀನು ಏನು ಹೇಳಿದರೂ ಅಷ್ಟೆ."

ಕಾಫಿಗೆ ನಿಲ್ಲಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎದ್ದು, ಬಾಗಿಲವರೆಗೆ ಹೋದವಳು ಹಿಂತಿರುಗಿ ಬಂದು ಅಮ್ಮನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಂಗಳ ದಾಟುವಾಗ ಅವಳ ಚಪ್ಪಲಿಯ ಸದ್ದು ಬೇಗ ಬೇಗ ಆಗುತ್ತ ಹೋಗಿ, ಓಣಿಯ ತಿರುವಿನಲ್ಲಿ ನಿಂತಿತು.

ಕೋಣೆಯಲ್ಲಿ ಇಬ್ಬರೇ ಉಳಿದರು. ಬಟ್ಟೆ ಬದಲಿಸುವ ಹೊತ್ತಾಗಿತ್ತು. ಸುಬ್ಬಮ್ಮ ಎಲ್ಲವನ್ನೂ ಕೇಳಿದ್ದರು, ಸೊಸೆ ಹೇಳಿದ್ದನ್ನೂ, ಮಗಳು ಹೇಳಿದ್ದನ್ನೂ. ವಾಗ್ದೇವಿ ಬಿಸಿನೀರು ತಂದಿಟ್ಟು, ಹಳೆಯ ಕೆಂಪು ಸೀರೆಯಿಂದ ಹರಿದ ಮೆತ್ತಗಿನ ತುಂಡೊಂದನ್ನು ಕೈಯಲ್ಲಿ ಹಿಡಿದು ಮಂಚದ ಹತ್ತಿರ ಹೋದಳು. ಇನ್ನೂ ಹೊದಿಕೆಯನ್ನು ಮುಟ್ಟಿರಲಿಲ್ಲ. ಅಷ್ಟರಲ್ಲಿ ಹೊದಿಕೆ ಸರಿದು ಎಡಗೈ ಹೊರಗೆ ಬಂತು, ನಿಧಾನವಾಗಿ ಮಂಚದ ಕೋಲಿನವರೆಗೆ ಹೋಗಿ, ಮಣಿಗಂಟನ್ನು ಅದಕ್ಕೆ ಒರಗಿಸಿ, ಅಂಗೈ ಮೇಲಾಗಿ ನಿಂತಿತು. ಅವಳು ಅರ್ಥವಾಗದೆ ನೋಡಿದಳು. ಆಮೇಲೆ ತನ್ನ ಕೈಯಲ್ಲಿದ್ದ ಬಟ್ಟೆಯ ತುಂಡನ್ನು ನೋಡಿದಳು. "ಬೇಡ ಅತ್ತೆ," ಎಂದಳು, "ಇದು ಕಟ್ಟಲಿಕ್ಕಲ್ಲ, ಒರೆಸಲಿಕ್ಕೆ." ಆ ಕೈಯನ್ನು ಎತ್ತಿ, ಮಡಚಿ, ಅವರ ಎದೆಯ ಮೇಲಿಟ್ಟು ಹೊದಿಕೆ ಎಳೆದಳು. ಸುಬ್ಬಮ್ಮ ಕಣ್ಣು ಮುಚ್ಚಿಕೊಂಡೇ ಇದ್ದರು. ಅವಳು ಬಟ್ಟೆಯನ್ನು ನೀರಿಗೆ ಅದ್ದಿ ಹಿಂಡಿ ತಿರುಗುವಷ್ಟರಲ್ಲಿ ಕೈ ಮತ್ತೆ ಹೊರಗೆ ಬಂದು, ಅದೇ ಕೋಲಿಗೆ ಒರಗಿ, ಕಾಯುತ್ತಿತ್ತು.